ಚಳಿಗಾಲದಲ್ಲಿ ಮನೆ ಕಟ್ಟಿಸುವವರ ಗಮನಕ್ಕೆ: ಜ್ಞಾನಭಾರತಿ ಹಾಗೂ ಸುತ್ತಲಿನ ಬಡಾವಣೆಗಳ ಕಟ್ಟಡ ಕಾಮಗಾರಿಗಳ ಮೇಲೆ ಚಳಿಯ ಪರಿಣಾಮ

1. ಪೀಠಿಕೆ

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿರುವ ಜ್ಞಾನಭಾರತಿ, ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳ ಮತ್ತು ಕೆಂಗೇರಿ ಪ್ರದೇಶಗಳಲ್ಲಿ ಸ್ವಂತ ಮನೆ ನಿರ್ಮಿಸುವ ಕಾರ್ಯವು ವರ್ಷವಿಡೀ ನಡೆಯುತ್ತಿರುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ನಾಡಪ್ರಭು ಕೆಂಪೇಗೌಡ ಬಡಾವಣೆ ಮುಂತಾದವು ಇದೇ ಭಾಗದಲ್ಲಿವೆ. 2021ರ ಆಗಸ್ಟ್ ತಿಂಗಳಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗಿನ ಮೆಟ್ರೋ ಮಾರ್ಗವು ಜ್ಞಾನಭಾರತಿ ನಿಲ್ದಾಣವೂ ಸೇರಿದಂತೆ ಸಾರ್ವಜನಿಕ ಸೇವೆಗೆ ತೆರೆದುಕೊಂಡಿತು.

ಹಿಮ ಬೀಳದ ನಮ್ಮ ಊರಿನಲ್ಲಿ ಚಳಿಗಾಲವು ಕಟ್ಟಡದ ಕೆಲಸಕ್ಕೆ ಅತ್ಯಂತ ಅನುಕೂಲವಾದ ಕಾಲವೆಂಬ ಅಭಿಪ್ರಾಯವು ಸಾಮಾನ್ಯವಾಗಿದೆ. ಇದು ಬಹುಮಟ್ಟಿಗೆ ನಿಜ. ಆದರೆ ಬೇಸಿಗೆಯಲ್ಲಿ ಲೆಕ್ಕ ಹಾಕಿದ ದಿನಗಳನ್ನೇ ಚಳಿಗಾಲಕ್ಕೂ ಅನ್ವಯಿಸಿ ಸೆಂಟ್ರಿಂಗ್ ಬಿಚ್ಚುವುದು ಮತ್ತು ನೀರುಣಿಸುವುದನ್ನು ಬೇಗನೆ ನಿಲ್ಲಿಸುವುದು, ಈ ಎರಡು ತಪ್ಪುಗಳಿಂದ ಜೀವಮಾನದ ಉಳಿತಾಯದಲ್ಲಿ ಕಟ್ಟಿದ ಮನೆಯು ದುರ್ಬಲವಾಗುವ ಸಂಭವವಿರುತ್ತದೆ. ಕೆಲವೊಮ್ಮೆ ಕಾರ್ಮಿಕರ ಜೀವಕ್ಕೂ ಅಪಾಯ ಒದಗಬಹುದು. ಆದ್ದರಿಂದ ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವ ಹಾಗೂ ಈಗಾಗಲೇ ಕಾಮಗಾರಿ ಪ್ರಾರಂಭಿಸಿರುವ ನಾಗರಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಈ ಭಾಗದ ಚಳಿಗಾಲದ ಸ್ವರೂಪ

ಕಟ್ಟಡ ಕಾಮಗಾರಿಯ ದೃಷ್ಟಿಯಿಂದ ನಮ್ಮ ಚಳಿಗಾಲವನ್ನು ಮೂರು ಭಾಗಗಳಾಗಿ ವಿಂಗಡಿಸಿ ನೋಡುವುದು ಸೂಕ್ತ.

(ಅ) ನವೆಂಬರ್‌ನಿಂದ ಡಿಸೆಂಬರ್ ಮೊದಲ ವಾರಗಳವರೆಗೆ: ಹಿಂಗಾರು ಮಳೆಯ ಶೇಷ ಭಾಗ. ಬಂಗಾಳ ಕೊಲ್ಲಿಯಲ್ಲಿ ಉಂಟಾಗುವ ವಾಯುಭಾರ ಕುಸಿತ ಮತ್ತು ಚಂಡಮಾರುತಗಳಿಂದ ನಗರದಲ್ಲಿ ಎರಡು ಮೂರು ದಿನ ಎಡೆಬಿಡದೆ ಜಿಟಿಜಿಟಿ ಮಳೆ ಸುರಿಯುವುದುಂಟು. 2024ರ ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದ ಪ್ರಭಾವದಿಂದ ಬೆಂಗಳೂರಿನಲ್ಲಿ ಇಂತಹ ಮಳೆಯಾಗಿತ್ತು.

(ಆ) ಡಿಸೆಂಬರ್ ಮಧ್ಯದಿಂದ ಜನವರಿ ಅಂತ್ಯದವರೆಗೆ: ನಿಜವಾದ ಚಳಿಯ ಕಾಲ. ನಗರದಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವು ಸರಾಸರಿ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೂ, ರಾತ್ರಿಯ ಕನಿಷ್ಠ ಉಷ್ಣಾಂಶವು 16 ಡಿಗ್ರಿ ಆಸುಪಾಸಿನಲ್ಲಿಯೂ ಇರುತ್ತದೆ. ಕೆಲವು ರಾತ್ರಿಗಳಲ್ಲಿ ಇದಕ್ಕಿಂತ ಸಾಕಷ್ಟು ಕೆಳಗಿಳಿಯುತ್ತದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಇದು 1884ರ ಜನವರಿ 13ರ ದಾಖಲೆ. ಗಿಡಮರಗಳಿಂದ ಕೂಡಿದ ಬೆಂಗಳೂರು ವಿಶ್ವವಿದ್ಯಾಲಯದ ವಿಶಾಲ ಆವರಣ, ಕೆರೆ ಅಂಗಳಗಳು ಮತ್ತು ವೃಷಭಾವತಿ ಕಣಿವೆಯ ತಗ್ಗು ಪ್ರದೇಶಗಳ ಅಕ್ಕಪಕ್ಕದಲ್ಲಿ ರಾತ್ರಿಯ ಚಳಿಯು ನಗರದ ಕಿಕ್ಕಿರಿದ ಮಧ್ಯಭಾಗಕ್ಕಿಂತ ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ. ಮುಂಜಾನೆ ಮಂಜು ಮತ್ತು ಇಬ್ಬನಿ ಕಂಡುಬರುತ್ತವೆ.

(ಇ) ಜನವರಿ ಕೊನೆಯಿಂದ ಫೆಬ್ರವರಿಯವರೆಗೆ: ರಾತ್ರಿ ಚಳಿ, ಹಗಲು ಬಿರುಬಿಸಿಲು ಮತ್ತು ಒಣಗಾಳಿ. ನೀರು ಬೇಗನೆ ಆರುವ ಕಾಲ.

ಹಗಲಿನ ಅವಧಿಯೂ ಗಮನಾರ್ಹ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಸುಮಾರು 11 ಗಂಟೆ 20 ನಿಮಿಷಗಳಷ್ಟಿದ್ದು, ಜೂನ್ ತಿಂಗಳಿಗಿಂತ ಸುಮಾರು ಒಂದೂವರೆ ಗಂಟೆ ಕಡಿಮೆ ಇರುತ್ತದೆ. ಸಂಜೆ 6ಕ್ಕೆ ಕತ್ತಲಾಗುವುದರಿಂದ, ತಡವಾಗಿ ಪ್ರಾರಂಭಿಸಿದ ಮೋಲ್ಡ್ ಕೆಲಸವನ್ನು ದೀಪದ ಬೆಳಕಿನಲ್ಲಿ ಮುಗಿಸುವ ಪರಿಸ್ಥಿತಿ ಉಂಟಾಗುತ್ತದೆ.

3. ಚಳಿಯಿಂದ ಕಾಂಕ್ರೀಟಿಗೆ ಏನಾಗುತ್ತದೆ

ಕಾಂಕ್ರೀಟ್ ಒಣಗುವುದರಿಂದ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಿಮೆಂಟ್ ಮತ್ತು ನೀರಿನ ನಡುವೆ ನಡೆಯುವ ರಾಸಾಯನಿಕ ಕ್ರಿಯೆಯಿಂದ ಅದು ಗಟ್ಟಿಯಾಗುತ್ತದೆ. ಈ ಕ್ರಿಯೆಗೆ ನೀರು ಮತ್ತು ಶಾಖ ಎರಡೂ ಅವಶ್ಯಕ. ಶಾಖ ಕಡಿಮೆಯಾದರೆ ಕ್ರಿಯೆಯು ನಿಧಾನವಾಗುತ್ತದೆ. ನೀರು ಆರಿಹೋದರೆ ಕ್ರಿಯೆಯು ನಿಂತೇಹೋಗುತ್ತದೆ. ನಮ್ಮ ಚಳಿಗಾಲದಲ್ಲಿ ರಾತ್ರಿಯ ಚಳಿಯು ಶಾಖವನ್ನು ತಗ್ಗಿಸಿದರೆ, ಹಗಲಿನ ಒಣಗಾಳಿಯು ನೀರನ್ನು ಹೀರುತ್ತದೆ.

ಕಾಶ್ಮೀರ, ಲಡಾಖ್ ಮುಂತಾದ ಪ್ರದೇಶಗಳಲ್ಲಿ ಹಸಿ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿ, ಹಿಗ್ಗಿ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಶೀತ ಹವಾಮಾನದ ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 7861 (ಭಾಗ 2) ಸುಮಾರು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿ ನಡೆಯುವ ಕೆಲಸಕ್ಕೆ ಅನ್ವಯಿಸುತ್ತದೆ. ಬೆಂಗಳೂರಿಗೆ ಅದರ ಅಗತ್ಯ ಬರುವುದಿಲ್ಲ. ನಮಗೆ ಮುಖ್ಯವಾದುದು ಬೇರೊಂದು ಅಂಕಿ: 15 ಡಿಗ್ರಿ.

4. 15 ಡಿಗ್ರಿಯ ಮಹತ್ವ ಮತ್ತು ಸೆಂಟ್ರಿಂಗ್ ಬಿಚ್ಚುವ ಅವಧಿ

ಕಾಂಕ್ರೀಟ್ ಕಾಮಗಾರಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 456:2000ರಲ್ಲಿ ಸೆಂಟ್ರಿಂಗ್ ಬಿಚ್ಚಲು ಈ ಕೆಳಕಂಡ ಕನಿಷ್ಠ ಅವಧಿಗಳನ್ನು ಸೂಚಿಸಲಾಗಿದೆ.

- ಪಿಲ್ಲರ್, ಗೋಡೆ ಮತ್ತು ಬೀಮುಗಳ ಪಕ್ಕದ ಹಲಗೆಗಳು: 16ರಿಂದ 24 ಗಂಟೆ
- ಮೋಲ್ಡಿನ ತಳದ ಹಲಗೆ ಅಥವಾ ಶೀಟುಗಳು (ಆಧಾರದ ಕಂಬಗಳನ್ನು ಕೂಡಲೇ ಮರಳಿ ಕೊಡುವ ಷರತ್ತಿಗೊಳಪಟ್ಟು): 3 ದಿನ
- ಬೀಮುಗಳ ತಳದ ಹಲಗೆಗಳು (ಮೇಲ್ಕಂಡ ಷರತ್ತಿಗೊಳಪಟ್ಟು): 7 ದಿನ
- ಮೋಲ್ಡಿನ ಆಧಾರದ ಕಂಬಗಳು, 4.5 ಮೀಟರ್ (ಸುಮಾರು 15 ಅಡಿ) ಅಂತರದವರೆಗೆ: 7 ದಿನ
- ಮೋಲ್ಡಿನ ಆಧಾರದ ಕಂಬಗಳು, 4.5 ಮೀಟರಿಗಿಂತ ಹೆಚ್ಚಿನ ಅಂತರಕ್ಕೆ: 14 ದಿನ
- ಬೀಮಿನ ಆಧಾರದ ಕಂಬಗಳು, 6 ಮೀಟರ್ (ಸುಮಾರು 20 ಅಡಿ) ಅಂತರದವರೆಗೆ: 14 ದಿನ
- ಬೀಮಿನ ಆಧಾರದ ಕಂಬಗಳು, 6 ಮೀಟರಿಗಿಂತ ಹೆಚ್ಚಿನ ಅಂತರಕ್ಕೆ: 21 ದಿನ

ಮೇಸ್ತ್ರಿಗಳಿಗೂ ಗುತ್ತಿಗೆದಾರರಿಗೂ ಈ ಅವಧಿಗಳು ಬಾಯಿಪಾಠವಾಗಿರುತ್ತವೆ. ಆದರೆ ಅವುಗಳಿಗೆ ಜೋಡಿಸಲಾಗಿರುವ ಎರಡು ಷರತ್ತುಗಳು ಬಹಳ ಮಂದಿಯ ಗಮನಕ್ಕೆ ಬಂದಿರುವುದಿಲ್ಲ. ಒಂದು, ಬಳಸಿದ ಸಿಮೆಂಟ್ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ (ಓಪಿಸಿ) ಆಗಿರತಕ್ಕದ್ದು. ಎರಡು, ಹೊರಗಿನ ಉಷ್ಣಾಂಶವು 15 ಡಿಗ್ರಿಗಿಂತ ಕಡಿಮೆ ಇರಬಾರದು. ಬೇರೆ ಸಿಮೆಂಟ್ ಅಥವಾ ಕಡಿಮೆ ಉಷ್ಣಾಂಶವಿದ್ದಲ್ಲಿ ಅವಧಿಯನ್ನು ತಕ್ಕಂತೆ ಮಾರ್ಪಡಿಸಿಕೊಳ್ಳಬೇಕು.

ಜ್ಞಾನಭಾರತಿಯ ಡಿಸೆಂಬರ್ ಮತ್ತು ಜನವರಿ ರಾತ್ರಿಗಳು ಸರಿಯಾಗಿ ಈ 15 ಡಿಗ್ರಿಯ ಗಡಿಯ ಮೇಲೆಯೇ ನಿಲ್ಲುತ್ತವೆ. ಅಲ್ಲದೆ, ಮನೆ ಕೆಲಸಕ್ಕೆ ಅಂಗಡಿಗಳಲ್ಲಿ ದೊರೆಯುವ ಸಿಮೆಂಟಿನಲ್ಲಿ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಬಹುಪಾಲು ಇದ್ದು, ಇದು ಮೊದಲ ದಿನಗಳಲ್ಲಿ ಓಪಿಸಿಗಿಂತ ನಿಧಾನವಾಗಿ ಬಲ ಪಡೆಯುತ್ತದೆ. ಹೀಗಾಗಿ ಎರಡೂ ಷರತ್ತುಗಳು ಒಮ್ಮೆಲೇ ತಪ್ಪಿಹೋಗುವ ಸಾಧ್ಯತೆ ಇದೆ. ಚೀಲದ ಮೇಲೆ ಮುದ್ರಿತವಾಗಿರುವ ಸಿಮೆಂಟಿನ ವಿಧವನ್ನು ಓದಿಕೊಳ್ಳುವುದು ಈ ಕಾರಣಕ್ಕಾಗಿ ಅವಶ್ಯಕ.

5. ದಿನಗಳ ಲೆಕ್ಕ: ಒಂದು ಉದಾಹರಣೆ

ಕಾಂಕ್ರೀಟಿನ ಬಲವನ್ನು ಕೇವಲ ದಿನಗಳ ಜಮೆಯೆಂದು ಭಾವಿಸಬಾರದು. ಅದು ದಿನ ಮತ್ತು ಶಾಖ ಎರಡೂ ಸೇರಿದ ಜಮೆ. ಎಂಜಿನಿಯರುಗಳು ಬಳಸುವ ಒಂದು ಸ್ಥೂಲ ಲೆಕ್ಕದ ಪ್ರಕಾರ ದಿನದ ಸರಾಸರಿ ಉಷ್ಣಾಂಶಕ್ಕೆ 10 ಕೂಡಿಸಿ, ದಿನಗಳ ಸಂಖ್ಯೆಯಿಂದ ಗುಣಿಸಲಾಗುತ್ತದೆ.

ಏಪ್ರಿಲ್ ತಿಂಗಳಲ್ಲಿ ಗರಿಷ್ಠ 34 ಮತ್ತು ಕನಿಷ್ಠ 22 ಡಿಗ್ರಿ ಇದ್ದು, ಸರಾಸರಿ 28 ಡಿಗ್ರಿ ಎಂದಿಟ್ಟುಕೊಳ್ಳೋಣ. 28ಕ್ಕೆ 10 ಕೂಡಿಸಿದರೆ 38. ಏಳು ದಿನಕ್ಕೆ 266. ಡಿಸೆಂಬರ್ ತಿಂಗಳಲ್ಲಿ ಗರಿಷ್ಠ 27 ಮತ್ತು ಕನಿಷ್ಠ 16 ಡಿಗ್ರಿ ಇದ್ದಲ್ಲಿ ಸರಾಸರಿ 21.5, ಹತ್ತು ಕೂಡಿಸಿದರೆ 31.5. ಇದೇ 266ರ ಮೊತ್ತವನ್ನು ತಲುಪಲು ಸುಮಾರು ಎಂಟೂವರೆ ದಿನ ಬೇಕಾಗುತ್ತದೆ. ಇದೇ ಪ್ರಮಾಣದಲ್ಲಿ 14 ದಿನದ ಅವಧಿಯು ಸುಮಾರು 17 ದಿನವಾಗುತ್ತದೆ. 21 ದಿನದ ಅವಧಿಯು ಸುಮಾರು 25 ದಿನವಾಗುತ್ತದೆ.

ಪಕ್ಕದ ನಿವೇಶನದವರು ಏಪ್ರಿಲ್‌ನಲ್ಲಿ ಏಳನೆಯ ದಿನ ಕಂಬ ತೆಗೆದರೂ ಏನೂ ಆಗಲಿಲ್ಲವೆಂಬ ಮಾತು ಡಿಸೆಂಬರ್‌ನ ಮೋಲ್ಡಿಗೆ ಆಧಾರವಾಗದು. ಇಲ್ಲಿ ತೋರಿಸಿರುವುದು ಉಷ್ಣಾಂಶದ ವ್ಯತ್ಯಾಸವನ್ನು ಮಾತ್ರ. ಪಿಪಿಸಿ ಸಿಮೆಂಟ್ ಬಳಸಿದಲ್ಲಿ ಇನ್ನೂ ಹೆಚ್ಚಿನ ದಿನಗಳನ್ನು ಬಿಡಬೇಕಾಗುತ್ತದೆ. ಅಂತಿಮ ದಿನಾಂಕವನ್ನು ಕಾಮಗಾರಿಯ ಎಂಜಿನಿಯರರೇ ನಿರ್ಧರಿಸತಕ್ಕದ್ದು.

ಬೇಗ ಬಿಚ್ಚಿದ ಮೋಲ್ಡ್ ಆ ದಿನವೇ ಬೀಳಬೇಕೆಂದಿಲ್ಲ. ಅದು ಸ್ವಲ್ಪ ಜಗ್ಗಿ ನಿಲ್ಲಬಹುದು. ಮುಂದೆ ಅದರಲ್ಲಿ ಬಿರುಕು ಕಾಣಿಸಿಕೊಳ್ಳಬಹುದು. ಮಳೆಗಾಲದಲ್ಲಿ ನೀರು ಜಿನುಗಿ ಕಂಬಿಗೆ ತುಕ್ಕು ಹಿಡಿಯಬಹುದು. ಬಾಲ್ಕನಿ, ಪೋರ್ಟಿಕೋ, ಸಜ್ಜಾ ಮುಂತಾದ ಹೊರಚಾಚಿದ ಭಾಗಗಳಲ್ಲಿ ಅಪಾಯ ಹೆಚ್ಚು. ಇವುಗಳ ಕಂಬಗಳನ್ನು ಹೊರ ಅಂಚಿನಿಂದ ಗೋಡೆಯ ಕಡೆಗೆ ಕ್ರಮವಾಗಿ ತೆಗೆಯಬೇಕು. ಒಳಕೋಣೆಗಳ ಮೋಲ್ಡಿನಲ್ಲಿ ಮಧ್ಯದಿಂದ ಗೋಡೆಗಳ ಕಡೆಗೆ ತೆಗೆಯಬೇಕು. ಮೇಲಂತಸ್ತಿನ ಮೋಲ್ಡಿನ ಭಾರವು ಕೆಳಗಿನ ಹೊಸ ಮೋಲ್ಡಿನ ಮೇಲೆ ಬೀಳುವಂತಿದ್ದಲ್ಲಿ, ಕೆಳಗಿನ ಕಂಬಗಳನ್ನು ಎಂಜಿನಿಯರರ ಸೂಚನೆಯಿಲ್ಲದೆ ತೆಗೆಯಬಾರದು. ಹೊಸ ಮೋಲ್ಡಿನ ಮೇಲೆ ಇಟ್ಟಿಗೆ, ಬ್ಲಾಕ್ ಅಥವಾ ಜಲ್ಲಿಯನ್ನು ರಾಶಿ ಹಾಕಬಾರದು.

6. ನೀರುಣಿಸುವಿಕೆ (ಕ್ಯೂರಿಂಗ್)

ಐ.ಎಸ್. 456:2000ರ ಪ್ರಕಾರ ಓಪಿಸಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ಹಾಗೂ ಪಿಪಿಸಿಯಂತಹ ಮಿಶ್ರ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ತೇವವನ್ನು ಕಾಯ್ದುಕೊಳ್ಳಬೇಕು. ಒಣ ಹಾಗೂ ಬಿಸಿ ವಾತಾವರಣದಲ್ಲಿ ಈ ಅವಧಿಗಳು ಅನುಕ್ರಮವಾಗಿ 10 ಮತ್ತು 14 ದಿನಗಳಾಗುತ್ತವೆ. ಚಳಿಯಿಂದ ಬಲ ಬರುವುದು ತಡವಾಗುವುದರಿಂದಲೂ, ಫೆಬ್ರವರಿಯ ಹಗಲು ಒಣ ಹವೆಯಿಂದ ಕೂಡಿರುವುದರಿಂದಲೂ, ಪಿಪಿಸಿ ಬಳಸುವ ಮನೆಗಳು ಈ ಭಾಗದಲ್ಲಿ 14 ದಿನಗಳ ಕ್ರಮವನ್ನು ಅನುಸರಿಸುವುದು ಕ್ಷೇಮಕರ.

ಮುಂಜಾನೆ ಮೋಲ್ಡಿನ ಮೇಲೆ ಇಬ್ಬನಿ ಕಂಡು, ಆ ದಿನ ನೀರು ಹೊಡೆಯುವ ಅಗತ್ಯವಿಲ್ಲವೆಂದು ಭಾವಿಸುವುದು ಸರಿಯಲ್ಲ. ಬೆಳಿಗ್ಗೆ 10ರ ನಂತರ ಬಿಸಿಲು ಮತ್ತು ಗಾಳಿಗೆ ಆ ತೇವವು ಆರಿಹೋಗುತ್ತದೆ. ಮೋಲ್ಡಿನ ಮೇಲೆ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸುವುದು, ಪಿಲ್ಲರುಗಳಿಗೆ ಒದ್ದೆ ಗೋಣಿಚೀಲ ಸುತ್ತುವುದು ಉತ್ತಮ. ಕಾಂಕ್ರೀಟ್ ಹಾಕಿದ ದಿನವೇ ಮೇಲ್ಮೈ ಆರಿ ಕೂದಲೆಳೆಯ ಬಿರುಕುಗಳು ಮೂಡುವುದನ್ನು ತಪ್ಪಿಸಲು, ಮೇಲ್ಮೈ ಸಮ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಬಹುದು. ಈ ಹೊದಿಕೆಯು ರಾತ್ರಿಯ ಚಳಿಯಿಂದಲೂ ಒಂದಿಷ್ಟು ರಕ್ಷಣೆ ನೀಡುತ್ತದೆ.

ನೀರಿನ ಮೂಲದ ಬಗ್ಗೆಯೂ ಎಚ್ಚರಿಕೆ ಅಗತ್ಯ. ವೃಷಭಾವತಿಯಲ್ಲಿ ಕೊಳಚೆ ಹಾಗೂ ಕೈಗಾರಿಕಾ ತ್ಯಾಜ್ಯ ನೀರು ಸೇರಿರುವುದರಿಂದ ಆ ನೀರನ್ನು ಕಾಂಕ್ರೀಟ್ ಕಲೆಸಲಾಗಲಿ, ಕ್ಯೂರಿಂಗಿಗಾಗಲಿ ಬಳಸಬಾರದು. 2024ರ ಮಾರ್ಚ್ ತಿಂಗಳ ನೀರಿನ ಅಭಾವದ ಸಂದರ್ಭದಲ್ಲಿ ಬೆಂಗಳೂರು ಜಲಮಂಡಳಿಯು ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂ. ದಂಡವನ್ನು ನಿಗದಿಪಡಿಸಿತ್ತು. ಫೆಬ್ರವರಿಯ ನಂತರ ಕ್ಯೂರಿಂಗ್ ಮುಂದುವರಿಯುವಂತಿದ್ದಲ್ಲಿ ಆಗ ಜಾರಿಯಲ್ಲಿರುವ ಆದೇಶವನ್ನು ವಿಚಾರಿಸಿಕೊಂಡು, ಪರೀಕ್ಷಿಸಿದ ಸಂಸ್ಕರಿತ ನೀರಿನ ವ್ಯವಸ್ಥೆಯನ್ನು ಮುಂಚಿತವಾಗಿ ಮಾಡಿಕೊಳ್ಳತಕ್ಕದ್ದು.

7. ಹಿಂಗಾರು ಮಳೆಯ ಅವಧಿಯಲ್ಲಿ ವಹಿಸಬೇಕಾದ ಎಚ್ಚರಿಕೆ

ಅ. ಪಾಯ: ಕೆರೆ ಅಂಗಳ ಹಾಗೂ ಕಣಿವೆಯ ಸಮೀಪದ ನಿವೇಶನಗಳಲ್ಲಿ ಅಗೆದ ಗುಂಡಿಗೆ ನೀರು ನುಗ್ಗಿ ಬದಿಗಳು ಕುಸಿಯಬಹುದು. ನೀರನ್ನು ಹೊರಹಾಕಿ, ತಳದ ಸಡಿಲ ಕೆಸರನ್ನು ತೆಗೆದು, ಎಂಜಿನಿಯರರ ಪರಿಶೀಲನೆಯ ನಂತರವೇ ಕಾಂಕ್ರೀಟ್ ಹಾಕಬೇಕು. ಅಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲಿಯೇ ರಾಶಿ ಮಾಡಬಾರದು.

ಆ. ಮರಳು: ಮಳೆಯಲ್ಲಿ ನೆನೆದ ಎಂ-ಸ್ಯಾಂಡ್ ತನ್ನೊಂದಿಗೆ ನೀರನ್ನು ತರುತ್ತದೆ. ಎಂ-20 ದರ್ಜೆಯ ನಾಮಮಾತ್ರ ಮಿಶ್ರಣದಲ್ಲಿ 50 ಕೆ.ಜಿ. ಸಿಮೆಂಟಿಗೆ ಗರಿಷ್ಠ 30 ಲೀಟರ್ ನೀರು ಎಂಬ ಮಿತಿಯಿದೆ. ಮರಳಿನಲ್ಲಿರುವ ನೀರನ್ನೂ ಈ ಲೆಕ್ಕಕ್ಕೆ ಸೇರಿಸಿ, ಹೊರಗಿನಿಂದ ಸೇರಿಸುವ ನೀರನ್ನು ಕಡಿಮೆ ಮಾಡಬೇಕು. ನೀರು ಹೆಚ್ಚಾದ ಮಿಶ್ರಣವು ಚಳಿಯಲ್ಲಿ ಇನ್ನಷ್ಟು ತಡವಾಗಿ ಗಟ್ಟಿಯಾಗುತ್ತದೆ.

ಇ. ಸಿಮೆಂಟ್: ಚೀಲಗಳನ್ನು ನೆಲದಿಂದ ಅರ್ಧ ಅಡಿ ಮೇಲೆ ಹಲಗೆಗಳ ಮೇಲಿರಿಸಿ, ಗೋಡೆಗೆ ತಾಗದಂತೆ ಜೋಡಿಸಿ ತಾರ್ಪಾಲು ಹೊದಿಸಬೇಕು. ಗಂಟು ಕಟ್ಟಿದ ಸಿಮೆಂಟನ್ನು ಬಳಸಬಾರದು. ಮೂರು ತಿಂಗಳಿಗಿಂತ ಹಳೆಯದನ್ನು ಪರೀಕ್ಷೆಯಿಲ್ಲದೆ ಬಳಸಬಾರದು.

ಈ. ಸೆಂಟ್ರಿಂಗ್ ಕಂಬಗಳು: ಸರ್ವೆ ಕಂಬ ಅಥವಾ ಕಬ್ಬಿಣದ ಜಾಕಿಗಳು ನೆನೆದ ಮಣ್ಣಿನಲ್ಲಿ ಕುಸಿಯದಂತೆ ಅಡಿಯಲ್ಲಿ ಹಲಗೆ ಕೊಟ್ಟು, ಮಳೆ ಬಂದ ಮರುದಿನ ಒಂದೊಂದನ್ನೂ ಪರೀಕ್ಷಿಸಬೇಕು.

2024ರ ಅಕ್ಟೋಬರ್ 22ರಂದು, ಭಾರಿ ಮಳೆಯ ದಿನಗಳಲ್ಲಿ, ನಗರದ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡವು ಕುಸಿದು ಕಾರ್ಮಿಕರು ಮೃತಪಟ್ಟರು. ಮಳೆಯ ದಿನಗಳಲ್ಲಿ ಅಪೂರ್ಣ ಕಟ್ಟಡದೊಳಗೆ ಕಾರ್ಮಿಕರನ್ನು ಇರಿಸುವ ಮೊದಲು ಕಟ್ಟಡದ ಸುಸ್ಥಿತಿಯನ್ನು ಖಚಿತಪಡಿಸಿಕೊಳ್ಳುವುದು ಮಾಲೀಕರ ಹಾಗೂ ಗುತ್ತಿಗೆದಾರರ ಆದ್ಯ ಕರ್ತವ್ಯ.

8. ಕೆಲಸದ ವೇಳೆ ಮತ್ತು ಇತರೆ ಕೆಲಸಗಳು

ಚಳಿಗಾಲದಲ್ಲಿ ಮೋಲ್ಡ್ ಹಾಕುವ ಕೆಲಸವನ್ನು ಬೆಳಿಗ್ಗೆ ಬೇಗನೆ ಪ್ರಾರಂಭಿಸಿ ಮಧ್ಯಾಹ್ನ 2 ಗಂಟೆಯೊಳಗೆ ಮುಗಿಸುವಂತೆ ಯೋಜಿಸಬೇಕು. ಇದರಿಂದ ಕಾಂಕ್ರೀಟಿಗೆ ಮೊದಲ ಕೆಲವು ಗಂಟೆಗಳ ಬಿಸಿಲು ದೊರೆಯುತ್ತದೆ. ಮೇಲ್ಮೈ ಸಮ ಮಾಡುವ ಕೆಲಸವೂ ಬೆಳಕಿರುವಾಗಲೇ ಮುಗಿಯುತ್ತದೆ. ಪ್ಲಾಸ್ಟರಿಂಗ್‌ಗೆ ನೀರುಣಿಸುವುದನ್ನು ಕಡೆಗಣಿಸಬಾರದು. ಗೋಡೆಯ ತೇವ ಆರುವ ಮುನ್ನ ಪುಟ್ಟಿ ಮತ್ತು ಬಣ್ಣ ಹಚ್ಚಿದರೆ ಅವು ಪದರುಪದರಾಗಿ ಏಳುತ್ತವೆ. ಹೊರಗೋಡೆಗೆ ಬಣ್ಣ ಹಚ್ಚುವ ಕೆಲಸವನ್ನು ಇಬ್ಬನಿ ಆರಿದ ನಂತರ ಪ್ರಾರಂಭಿಸಿ, ಸಂಜೆಯ ತಂಪು ಇಳಿಯುವ ಮುನ್ನ ನಿಲ್ಲಿಸುವುದು ಸೂಕ್ತ.

9. ಕಾರ್ಮಿಕರ ಕ್ಷೇಮ

ಈ ಭಾಗದ ಕಾಮಗಾರಿಗಳಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದ ಕುಟುಂಬಗಳು ನಿವೇಶನದ ಶೆಡ್ಡುಗಳಲ್ಲಿಯೇ ವಾಸಿಸುವುದುಂಟು. ಚಳಿ ತಾಳಲಾರದೆ ಮುಚ್ಚಿದ ಶೆಡ್ಡಿನೊಳಗೆ ಇದ್ದಿಲು ಅಥವಾ ಸೌದೆಯ ಕೆಂಡವನ್ನಿಟ್ಟು ಮಲಗುವುದು ಅತ್ಯಂತ ಅಪಾಯಕಾರಿ. ಕೆಂಡದಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಾಗಲಿ ಬಣ್ಣವಾಗಲಿ ಇಲ್ಲ. ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಕಳೆದುಕೊಳ್ಳಬಹುದು. ಮಾಲೀಕರು ಈ ವಿಷಯವನ್ನು ಕಾರ್ಮಿಕರಿಗೆ ಅವರ ಭಾಷೆಯಲ್ಲಿ ತಿಳಿಸಿ, ಕಂಬಳಿ, ಗಾಳಿ ನುಗ್ಗದ ಗೋಡೆ ಹಾಗೂ ನೆಲದಿಂದ ಮೇಲಿರುವ ಮಲಗುವ ಜಾಗದ ವ್ಯವಸ್ಥೆ ಮಾಡುವುದು ಮಾನವೀಯವೂ ಹೌದು, ಅವಶ್ಯಕವೂ ಹೌದು.

ಚಳಿಯಲ್ಲಿ ಒಡೆದ ಕೈಕಾಲುಗಳಿಗೆ ಹಸಿ ಸಿಮೆಂಟ್ ತಗುಲಿದರೆ ಚರ್ಮ ಸುಡುತ್ತದೆ. ಕೈಗವಸು ಮತ್ತು ಗಂಬೂಟುಗಳನ್ನು ಒದಗಿಸತಕ್ಕದ್ದು. ಇಬ್ಬನಿಯಿಂದ ತೇವಗೊಂಡ ಸಾರುವೆ ಹಲಗೆ ಮತ್ತು ಏಣಿಗಳು ಜಾರುವುದರಿಂದ, ಅವು ಆರಿದ ನಂತರವೇ ಎತ್ತರದ ಕೆಲಸಕ್ಕೆ ಅನುಮತಿಸಬೇಕು.

ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು 2007ರಲ್ಲಿ ಸ್ಥಾಪನೆಯಾಗಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರುವ 18ರಿಂದ 60 ವರ್ಷ ವಯೋಮಾನದ ಕಾರ್ಮಿಕರು ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕಾರ್ಮಿಕರು ಕೋರಿದಾಗ ಮಾಲೀಕರು ಹಾಗೂ ಗುತ್ತಿಗೆದಾರರು ಉದ್ಯೋಗದ ದೃಢೀಕರಣ ನೀಡಿ ಸಹಕರಿಸಬೇಕೆಂದು ಕೋರಲಾಗಿದೆ.

10. ಅರ್ಜಿದಾರರು ಅನುಸರಿಸಬೇಕಾದ ಕ್ರಮ

1. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ತಮ್ಮ ಸ್ವತ್ತು ಯಾವ ಪಾಲಿಕೆಯ ಅಥವಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆಂಬುದನ್ನು ಮೊದಲು ಖಚಿತಪಡಿಸಿಕೊಂಡು ಪರವಾನಗಿಗೆ ಅರ್ಜಿ ಸಲ್ಲಿಸುವುದು.
2. ಗುತ್ತಿಗೆ ಕರಾರಿನಲ್ಲಿ ಸಿಮೆಂಟಿನ ವಿಧ, ಕ್ಯೂರಿಂಗ್ ದಿನಗಳು ಮತ್ತು ಸೆಂಟ್ರಿಂಗ್ ಬಿಚ್ಚಲು ಎಂಜಿನಿಯರರ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತನ್ನು ಸೇರಿಸುವುದು. ಸೆಂಟ್ರಿಂಗ್ ಸಾಮಗ್ರಿಯನ್ನು ದಿನಬಾಡಿಗೆಗೆ ತಂದಲ್ಲಿ, ಹೆಚ್ಚುವರಿ ದಿನಗಳ ಬಾಡಿಗೆಯನ್ನು ಯಾರು ಭರಿಸತಕ್ಕದ್ದೆಂಬುದನ್ನೂ ಮುಂಚಿತವಾಗಿ ಬರೆಯುವುದು. ಅವಸರದಲ್ಲಿ ಬಿಚ್ಚಲು ಈ ಬಾಡಿಗೆಯೇ ಅನೇಕ ವೇಳೆ ಕಾರಣವಾಗಿರುತ್ತದೆ.
3. ನಿವೇಶನದಲ್ಲಿ ಒಂದು ದಿನವಹಿಯನ್ನಿಟ್ಟು ಕಾಂಕ್ರೀಟ್ ಹಾಕಿದ ದಿನಾಂಕ, ಸಿಮೆಂಟಿನ ವಿಧ, ಮುಂಜಾನೆಯ ಉಷ್ಣಾಂಶ, ನೀರುಣಿಸಿದ ವೇಳೆ ಮತ್ತು ಕಂಬ ತೆಗೆದ ದಿನಾಂಕವನ್ನು ನಮೂದಿಸುವುದು. ಮೋಲ್ಡ್ ಹಾಕಿದ ದಿನಾಂಕವನ್ನು ಗೋಡೆಯ ಮೇಲೂ ಬರೆಸುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಧನುರ್ಮಾಸಕ್ಕೆ ಮೊದಲೇ ಮೋಲ್ಡ್ ಹಾಕಿ ಮುಗಿಸಬೇಕೆ?
ಉತ್ತರ: ಅದು ಮನೆಯವರ ನಂಬಿಕೆಗೆ ಬಿಟ್ಟ ವಿಷಯ. ತಾಂತ್ರಿಕವಾಗಿ ಅಂತಹ ನಿರ್ಬಂಧವಿಲ್ಲ. ಮುಹೂರ್ತಕ್ಕಾಗಿ ಮಳೆಯ ದಿನ ಕಾಂಕ್ರೀಟ್ ಹಾಕುವುದು ಅಥವಾ ಸಂಕ್ರಾಂತಿಯ ನಂತರದ ಗೃಹಪ್ರವೇಶಕ್ಕಾಗಿ ಕಂಬಗಳನ್ನು ಬೇಗ ತೆಗೆಯುವುದು ಮಾತ್ರ ಸಲ್ಲದು.

ಪ್ರಶ್ನೆ: ಪ್ರಯೋಗಾಲಯದಲ್ಲಿ ಕ್ಯೂಬ್ ಪರೀಕ್ಷೆಯ ಫಲಿತಾಂಶ ಚೆನ್ನಾಗಿ ಬಂದಿದೆ. ಕಂಬ ತೆಗೆಯಬಹುದೆ?
ಉತ್ತರ: ಪ್ರಯೋಗಾಲಯದ ಕ್ಯೂಬುಗಳನ್ನು ಸುಮಾರು 27 ಡಿಗ್ರಿ ಉಷ್ಣಾಂಶದ ನೀರಿನಲ್ಲಿ ಇರಿಸಲಾಗಿರುತ್ತದೆ. ತಮ್ಮ ಮೋಲ್ಡ್ ಚಳಿ ಗಾಳಿಯಲ್ಲಿರುತ್ತದೆ. ಆದ್ದರಿಂದ ಕೇವಲ ಆ ಫಲಿತಾಂಶದ ಮೇಲೆ ತೀರ್ಮಾನಿಸಬಾರದು. ಮೋಲ್ಡಿನ ಪಕ್ಕದಲ್ಲಿಯೇ ಇರಿಸಿದ ಕ್ಯೂಬುಗಳನ್ನು ಪರೀಕ್ಷಿಸುವಂತೆ ಎಂಜಿನಿಯರರನ್ನು ಕೋರಬಹುದು.

ಪ್ರಶ್ನೆ: ಬೇಗ ಗಟ್ಟಿಯಾಗಲು ಹೆಚ್ಚು ಸಿಮೆಂಟ್ ಅಥವಾ ಉಪ್ಪಿನಂತಹ ವಸ್ತುವನ್ನು ಬೆರೆಸಬಹುದೆ?
ಉತ್ತರ: ಬೆರೆಸಬಾರದು. ಕ್ಲೋರೈಡ್ ಅಂಶವುಳ್ಳ ವಸ್ತುಗಳಿಂದ ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತದೆ. ಯಾವುದೇ ರಾಸಾಯನಿಕವನ್ನು ಎಂಜಿನಿಯರರ ಸಲಹೆಯಿಲ್ಲದೆ ಬಳಸತಕ್ಕದ್ದಲ್ಲ.

ಪ್ರಶ್ನೆ: ಡಿಸೆಂಬರ್ 10ರಂದು ಪಿಪಿಸಿ ಬಳಸಿ, 12 ಅಡಿ ಅಂತರದ ಕೋಣೆಗೆ ಮೋಲ್ಡ್ ಹಾಕಲಾಗಿದೆ. ಕಂಬಗಳನ್ನು 17ರಂದು ತೆಗೆಯಬಹುದೆ?
ಉತ್ತರ: ಏಳು ದಿನದ ಲೆಕ್ಕವು ಓಪಿಸಿ ಹಾಗೂ 15 ಡಿಗ್ರಿಗೆ ಕಡಿಮೆಯಿಲ್ಲದ ಉಷ್ಣಾಂಶಕ್ಕೆ ಸಂಬಂಧಿಸಿದ್ದು. ಉಷ್ಣಾಂಶದ ಲೆಕ್ಕ ಮಾತ್ರ ನೋಡಿದರೂ 19ನೆಯ ತಾರೀಖು ಆಗುತ್ತದೆ. ಪಿಪಿಸಿ ಆದುದರಿಂದ 24ರವರೆಗೆ ನೀರುಣಿಸಿ, ಅಲ್ಲಿಯವರೆಗೂ ಕಂಬಗಳನ್ನು ಉಳಿಸಿಕೊಂಡು, ಎಂಜಿನಿಯರರು ಪರಿಶೀಲಿಸಿದ ಬಳಿಕ ತೆಗೆಯುವುದು ಕ್ಷೇಮಕರ.

12. ತುರ್ತು ಸಂದರ್ಭದಲ್ಲಿ

ಕುಸಿತ, ಮೇಲಿನಿಂದ ಬೀಳುವುದು ಅಥವಾ ಹೊಗೆಯಿಂದ ಪ್ರಜ್ಞೆ ತಪ್ಪುವುದು ಮುಂತಾದ ಸಂದರ್ಭಗಳಲ್ಲಿ ತುರ್ತು ಸೇವೆ 112 ಅಥವಾ ಆಂಬುಲೆನ್ಸ್ ಸೇವೆ 108ಕ್ಕೆ ಕೂಡಲೇ ಕರೆ ಮಾಡುವುದು. ಕಾರ್ಮಿಕರಿಗೆ ಸಂಬಂಧಿಸಿದ ಮಾಹಿತಿಗೆ ಕಾರ್ಮಿಕ ಸಹಾಯವಾಣಿ 155214 ಅನ್ನು ಸಂಪರ್ಕಿಸಬಹುದು.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಪ್ರಕಟಿಸಲಾಗಿದ್ದು, ಇದು ಅನುಮೋದಿತ ನಕ್ಷೆಯ ಷರತ್ತುಗಳಿಗಾಗಲಿ, ಅರ್ಹ ಎಂಜಿನಿಯರರ ಸಲಹೆಗಾಗಲಿ ಪರ್ಯಾಯವಲ್ಲ. ಚಳಿಗಾಲದಲ್ಲಿ ಒಂದು ವಾರ ಹೆಚ್ಚು ಕಾಯುವುದರಿಂದ ತಗಲುವ ವೆಚ್ಚವು ಸೆಂಟ್ರಿಂಗ್ ಬಾಡಿಗೆ ಹಾಗೂ ಕೆಲವು ಟ್ಯಾಂಕರ್ ನೀರು ಮಾತ್ರ. ಆ ಒಂದು ವಾರವನ್ನು ಉಳಿಸಲು ಹೋಗಿ ಕೆಟ್ಟ ಮೋಲ್ಡನ್ನು ಮುಂದೆ ಸರಿಪಡಿಸುವುದು ಅತ್ಯಂತ ಕಷ್ಟವೂ ದುಬಾರಿಯೂ ಆಗಿರುತ್ತದೆ. ಸಾರ್ವಜನಿಕರು ಈ ಅಂಶವನ್ನು ಗಮನದಲ್ಲಿಟ್ಟುಕೊಂಡು ಸಹಕರಿಸಬೇಕಾಗಿ ವಿನಂತಿ.